ಬಂಡಿಯ ಹಿಂದೆ ಕುದುರೆ

ಎತ್ತು ಮುಂದೆ, ಬಂಡಿ ಹಿಂದೆ. ಇದು ತಲತಲಾಂತರದಿಂದ ನಡೆದುಬಂದ ಪದ್ಧತಿ. ಎತ್ತಾಗಲಿ ಕುದುರೆಯಾಗಲಿ ಗಾಡಿಯನ್ನು ಎಳೆಯಬೇಕೇ ಹೊರತು ತಳ್ಳಬಾರದೆಂಬುದನ್ನು ಯಾರೂ ಯಾರಿಗೂ ಕಲಿಸಿಕೊಡಬೇಕಾಗಿಲ್ಲ. ಪಂದ್ಯದ ಮೋಟಾರು ಕಾರುಗಳನ್ನು ಕಟ್ಟುತ್ತಿದ್ದ ಘಟಾನುಘಟಿಗಳಲ್ಲಿಯೂ ಈ ನಂಬಿಕೆ ಬಹುಕಾಲ ಅಚ್ಚಳಿಯದೆ ನಿಂತಿತ್ತು. ಮೂತಿಯಲ್ಲಿ ಎಂಜಿನು, ಅದರ ಹಿಂದೆ ಚಾಲಕ, ಎಂಜಿನಿನ ಶಕ್ತಿಯನ್ನು ಹಿಂಗಾಲಿಗಳಿಗೆ ಮುಟ್ಟಿಸಲು ಚಾಲಕನ ಪೀಠದಡಿಯಲ್ಲಿ ಒಂದು ಉದ್ದನೆಯ ಉಕ್ಕಿನ ದಂಡ: ಇದೇ ಪಂದ್ಯದ ಕಾರಿನ ಲಕ್ಷಣವೆಂದು ಎಲ್ಲರೂ ಒಪ್ಪಿಕೊಂಡಿದ್ದರು. ಇಟಲಿಯ ಎಂಜೊ ಫೆರಾರಿಯಂತೂ, ಕುದುರೆ ಇರಬೇಕಾದದ್ದು ಗಾಡಿಯ ಮುಂದೆಯೇ ಎಂದು ಹೇಳುತ್ತಿದ್ದನೆಂದು ಪ್ರತೀತಿ.

ಆದರೆ 1958ರಿಂದ 1960ರವರೆಗಿನ ಮೂರೇ ಮೂರು ವರ್ಷಗಳಲ್ಲಿ ಈ ನಂಬಿಕೆ ತಲೆಕೆಳಗಾಯಿತು. ಅದನ್ನು ತಲೆಕೆಳಗು ಮಾಡಿದವರು ಯಾವ ವಿಶ್ವವಿದ್ಯಾಲಯದ ಪಂಡಿತರೂ ಅಲ್ಲ, ಕೋಟ್ಯಧೀಶರೂ ಅಲ್ಲ. ಲಂಡನ್ನಿನ ನೈಋತ್ಯಕ್ಕಿರುವ ಸರ್ಬಿಟನ್ ಎಂಬ ಊರಿನಲ್ಲಿ ಒಂದು ಸಾಮಾನ್ಯ ಗ್ಯಾರೇಜನ್ನು ನಡೆಸುತ್ತಿದ್ದ ತಂದೆ ಮತ್ತು ಮಗ. ತಂದೆಯ ಹೆಸರು ಚಾರ್ಲ್ಸ್ ಕೂಪರ್, ಮಗನ ಹೆಸರು ಜಾನ್ ಕೂಪರ್. ಇನ್ನೂ ಸೋಜಿಗದ ಸಂಗತಿಯೆಂದರೆ, ತಾವೊಂದು ಕ್ರಾಂತಿಯನ್ನು ಮಾಡುತ್ತಿದ್ದೇವೆಂಬ ಅರಿವು ಆರಂಭದಲ್ಲಿ ಅವರಿಬ್ಬರಿಗೂ ಇರಲಿಲ್ಲ!

ಅಭಾವದಲ್ಲಿ ಹುಟ್ಟಿದ ಕೂಸು

1946ನೆಯ ಇಸವಿ. ಎರಡನೆಯ ಮಹಾಯುದ್ಧ ಆಗತಾನೆ ಮುಗಿದಿತ್ತು. ಗೆದ್ದ ಇಂಗ್ಲೆಂಡಿನಲ್ಲಿಯೂ ಎಲ್ಲದಕ್ಕೂ ಬರ. ಪೆಟ್ರೋಲಿಗೆ ರೇಷನ್, ಹೊಸ ಕಾರಿನ ಮಾತಂತೂ ದೂರವೇ ಉಳಿಯಿತು. ಆದರೂ ಪಂದ್ಯದ ಹುಚ್ಚು ಹಿಡಿದ ತರುಣರು ಕೈಕಟ್ಟಿ ಕೂಡಲಿಲ್ಲ. ಮೋಟಾರ್ ಸೈಕಲ್ಲಿನ 500 ಸಿ.ಸಿ. ಎಂಜಿನನ್ನು ಬಳಸಿ ಬಡವರಿಗೂ ನಿಲುಕುವ ಪುಟ್ಟ ಪಂದ್ಯದ ಕಾರುಗಳನ್ನು ಕಟ್ಟಿಕೊಳ್ಳಬಹುದೆಂಬ ಯೋಚನೆ ಅವರಲ್ಲಿ ಹುಟ್ಟಿತು.

ಚಾರ್ಲ್ಸ್ ಕೂಪರನಿಗೆ ಪಂದ್ಯದ ಕಾರುಗಳ ಸಹವಾಸ ಹೊಸದಾಗಿರಲಿಲ್ಲ. ಯುದ್ಧಕ್ಕೆ ಮೊದಲು ಆತ ಕೇ ಡಾನ್ ಎಂಬ ಪ್ರಸಿದ್ಧ ಪಂದ್ಯಗಾರನ ಮೆಕ್ಯಾನಿಕ್ ಆಗಿದ್ದ. ಮಗ ಹುಡುಗನಾಗಿದ್ದಾಗಲೇ ಅವನಿಗೊಂದು ಪುಟ್ಟ ಕಾರನ್ನೂ ಮಾಡಿಕೊಟ್ಟಿದ್ದ. ಈಗ ಇಪ್ಪತ್ತಮೂರರ ಹರೆಯಕ್ಕೆ ಬಂದಿದ್ದ ಜಾನ್, ತನ್ನ ಗೆಳೆಯ ಎರಿಕ್ ಬ್ರ್ಯಾಂಡನ್ನನೊಡನೆ ಸೇರಿ ತಂದೆಯ ಗ್ಯಾರೇಜಿನಲ್ಲಿ ಕೆಲಸಕ್ಕೆ ತೊಡಗಿದ. ಸಾಮಗ್ರಿ ಯಾವುದು? ಹಳೆಯ ಎರಡು ಫಿಯೆಟ್ ಟೊಪೊಲಿನೊ ಕಾರುಗಳು. ಎರಡನ್ನೂ ನಡುವೆ ಕತ್ತರಿಸಿ, ಎರಡರ ಮುಂಭಾಗಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಬೆಸುಗೆ ಹಾಕಿದರು. ಹೀಗೆ ಮುಂದೆಯೂ ಹಿಂದೆಯೂ ಒಂದೇ ಬಗೆಯ ಕಮಾನುಗಳು, ನಾಲ್ಕು ಗಾಲಿಗಳೂ ಸ್ವತಂತ್ರವಾಗಿ ಏರಿಳಿಯಬಲ್ಲ ಒಂದು ಚೌಕಟ್ಟು ಸಿದ್ಧವಾಯಿತು.

ಇನ್ನು ಎಂಜಿನನ್ನು ಎಲ್ಲಿಡಬೇಕು? ಅವರ ಬಳಿ ಇದ್ದದ್ದು ಜೆ.ಎ.ಪಿ. ಎಂಬ ಮೋಟಾರ್ ಸೈಕಲ್ ಎಂಜಿನು, ಮೋಟಾರ್ ಸೈಕಲ್ಲಿನದೇ ಗೇರ್ ಪೆಟ್ಟಿಗೆ, ಮತ್ತು ಒಂದು ಚೈನು. ಚೈನು ಹಿಂಗಾಲಿಗಳನ್ನು ತಿರುಗಿಸಬೇಕಾದರೆ ಎಂಜಿನು ಹಿಂಗಾಲಿಗಳ ಹತ್ತಿರವೇ ಇರಬೇಕು. ಅದನ್ನು ಮುಂದಿಟ್ಟರೆ ಚಾಲಕನ ಕೆಳಗೆ ಮಾರುದ್ದದ ಚೈನನ್ನು ಹಾಯಿಸಬೇಕಾಗುತ್ತಿತ್ತು. ಆದ್ದರಿಂದ ಚಾಲಕನ ಬೆನ್ನಿನ ಹಿಂದೆ, ಹಿಂದಿನ ಅಚ್ಚಿನ ಮುಂದೆ ಎಂಜಿನನ್ನು ಕೂರಿಸಿದರು. ಇಷ್ಟೇ ಕಾರಣ! ಸಿದ್ಧಾಂತವೂ ಇಲ್ಲ, ಸಂಶೋಧನೆಯೂ ಇಲ್ಲ. ಅದೇ ಅನುಕೂಲವಾಗಿತ್ತು, ಹಾಗೆ ಮಾಡಿದೆವು ಎಂದೇ ಜಾನ್ ಕೂಪರ್ ಮುಂದೆಯೂ ಹೇಳುತ್ತಿದ್ದ.

ಈ ಪುಟ್ಟ ಕಾರು ಕಂಡವರ ಮನಸ್ಸನ್ನೆಲ್ಲ ಗೆದ್ದಿತು. ನನಗೊಂದು, ನನಗೊಂದು ಎಂದು ಜನ ಗ್ಯಾರೇಜಿನ ಬಾಗಿಲಿಗೆ ಬಂದರು. 1948ರಲ್ಲಿ ಹಾಗೆ ಬಂದವರಲ್ಲಿ ಹದಿನೆಂಟು ವರ್ಷದ ಒಬ್ಬ ಹುಡುಗನಿದ್ದ. ಒಬ್ಬ ದಂತವೈದ್ಯನ ಮಗ. ಹೆಸರು ಸ್ಟರ್ಲಿಂಗ್ ಮಾಸ್. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

ಹಿಂದೊಮ್ಮೆ ತುಳಿದು ಬಿಟ್ಟ ದಾರಿ

ಎಂಜಿನನ್ನು ಚಾಲಕನ ಹಿಂದಿಡುವ ಕಲ್ಪನೆ ಕೂಪರರದೇ ಎಂದರೆ ತಪ್ಪಾದೀತು. 1923ರಲ್ಲಿಯೇ ಜರ್ಮನಿಯ ಬೆಂಜ್ ಕಂಪೆನಿಯವರು ನೀರಹನಿಯ ಆಕಾರದ ಒಂದು ಕಾರನ್ನು ಹೀಗೆ ಕಟ್ಟಿ ಇಟಲಿಯ ಮೋಂಜಾ ಪಂದ್ಯದಲ್ಲಿ ಓಡಿಸಿದ್ದರು. 1934ರಲ್ಲಿ ಫರ್ಡಿನಾಂಡ್ ಪೋರ್ಷೆ ಎಂಬ ಮಹಾನ್ ಯಂತ್ರಶಿಲ್ಪಿಯ ವಿನ್ಯಾಸದಂತೆ ಆಟೊ ಯೂನಿಯನ್ ಸಂಸ್ಥೆಯವರು ಹದಿನಾರು ಸಿಲಿಂಡರುಗಳ ದೈತ್ಯವನ್ನೇ ಚಾಲಕನ ಬೆನ್ನಿಗೆ ಕಟ್ಟಿದರು. ಪೆಟ್ರೋಲು ಖರ್ಚಾದಂತೆ ಕಾರಿನ ಸಮತೂಕ ಕೆಡಬಾರದೆಂದು ಪೋರ್ಷೆ ಇಂಧನದ ತೊಟ್ಟಿಯನ್ನು ಚಾಲಕನಿಗೂ ಎಂಜಿನಿಗೂ ನಡುವೆ ಇಟ್ಟಿದ್ದ. ಬುದ್ಧಿವಂತಿಕೆಗೆ ಅಲ್ಲಿ ಕೊರತೆ ಇರಲಿಲ್ಲ. ಸರಕಾರದ ಧನಸಹಾಯಕ್ಕೂ ಕೊರತೆ ಇರಲಿಲ್ಲ.

ಆದರೆ 1936ರ ಹೊತ್ತಿಗೆ ಆ ಕಾರಿಗೆ 6 ಲೀಟರಿನ ಎಂಜಿನು, 520 ಅಶ್ವಶಕ್ತಿ. ಇಷ್ಟು ಶಕ್ತಿಯನ್ನು ನೆಲಕ್ಕೆ ಮುಟ್ಟಿಸಲು ಆ ಕಾಲದ ಸಪೂರ ಟೈರುಗಳಿಗೆ ಸಾಮರ್ಥ್ಯವೆಲ್ಲಿತ್ತು? ತಿರುವುಗಳಲ್ಲಿ ಹಿಂಗಾಲಿಗಳು ಓರೆಯಾಗಿ ಹಿಡಿತವನ್ನು ಬಿಡುತ್ತಿದ್ದವು. ಚಾಲಕ ಬಹಳ ಮುಂದೆ ಕುಳಿತಿರುತ್ತಿದ್ದುದರಿಂದ ಹಿಂಭಾಗ ಜಾರತೊಡಗಿದ್ದು ಅವನಿಗೆ ತಿಳಿಯುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಆ ಕಾರನ್ನು ನಿಜವಾಗಿ ಪಳಗಿಸಿದವನು ಬರ್ಂಡ್ ರೋಸೆಮೆಯರ್ ಎಂಬ ತರುಣ. 1938ರ ಜನವರಿ 28ರಂದು ಫ್ರಾಂಕ್‌ಫರ್ಟ್ ಮತ್ತು ಡಾರ್ಮ್‌ಸ್ಟಾಟ್ ನಡುವಿನ ಹೆದ್ದಾರಿಯಲ್ಲಿ ಅದೇ ಸಂಸ್ಥೆಯ ಕಾರಿನಲ್ಲಿ ವೇಗದ ದಾಖಲೆಗೆ ಯತ್ನಿಸುತ್ತಿದ್ದಾಗ ಅವನು ಪ್ರಾಣವನ್ನೇ ತೆತ್ತ. ಮರುವರ್ಷ ಯುದ್ಧ ಬಂದಿತು. ಹಿಂದೆ ಎಂಜಿನಿಟ್ಟ ಕಾರು ಅಪಾಯಕಾರಿ ಎಂಬ ಅಭಿಪ್ರಾಯ ಮಾತ್ರ ಉಳಿಯಿತು.

ಕಾವಡಿಯ ನ್ಯಾಯ

ಹಾಗಾದರೆ ಪೋರ್ಷೆಯಂಥವನಿಗೆ ಪೂರ್ತಿಯಾಗಿ ಒಲಿಯದ ವಿದ್ಯೆ ಕೂಪರರಿಗೆ ಹೇಗೆ ಒಲಿಯಿತು? ಅದಕ್ಕೆ ಮೊದಲು ಈ ಏರ್ಪಾಟಿನಲ್ಲಿರುವ ಗುಣವೇನೆಂಬುದನ್ನು ನೋಡೋಣ.

ಕಾವಡಿಯ ಎರಡು ತುದಿಗಳಿಗೂ ನೀರು ತುಂಬಿದ ಕೊಡಗಳನ್ನು ಕಟ್ಟಿ ಹೆಗಲ ಮೇಲೆ ಹೊತ್ತವನು ಇಕ್ಕಟ್ಟಾದ ಓಣಿಯಲ್ಲಿ ಥಟ್ಟನೆ ತಿರುಗಬೇಕಾದಾಗ ಪಡುವ ಪಾಡನ್ನು ಊಹಿಸಿಕೊಳ್ಳಿ. ಮೈ ತಿರುಗಿದರೂ ಕೊಡಗಳು ತಿರುಗಲೊಲ್ಲವು. ತಿರುಗತೊಡಗಿದ ಮೇಲೆ ನಿಲ್ಲಲೊಲ್ಲವು. ಅವೇ ಕೊಡಗಳನ್ನು ಕಂಕುಳಿಗೆ ಅವುಚಿಕೊಂಡಿದ್ದರೆ ಅವನು ಸಲೀಸಾಗಿ ತಿರುಗಬಲ್ಲ. ಭಾರ ಅಷ್ಟೇ, ಆದರೆ ಅದು ಇರುವ ಜಾಗ ಬೇರೆ. ಮೂತಿಯಲ್ಲಿ ಎಂಜಿನು, ಬಾಲದಲ್ಲಿ ಪೆಟ್ರೋಲಿನ ತೊಟ್ಟಿ ಇರುವ ಕಾರು ಕಾವಡಿ ಹೊತ್ತವನಂತೆ. ಚಾಲಕ, ಎಂಜಿನು, ಇಂಧನ ಮೂರನ್ನೂ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಒತ್ತೊತ್ತಾಗಿ ಇಟ್ಟ ಕಾರು ಕೊಡವನ್ನು ಅವುಚಿಕೊಂಡವನಂತೆ.

ಲಾಭ ಇದೊಂದೇ ಅಲ್ಲ. ಎಂಜಿನು ಹಿಂದಿದ್ದರೆ ಪೀಠದಡಿಯ ಉದ್ದನೆಯ ದಂಡ ಬೇಕಾಗಿಲ್ಲ. ದಂಡವಿಲ್ಲದಿದ್ದರೆ ಕಾರು ಹಗುರ. ಚಾಲಕ ನೆಲಕ್ಕೆ ಇನ್ನಷ್ಟು ಹತ್ತಿರ ಕೂಡಬಹುದು. ಅವನು ತಗ್ಗಿ ಕುಳಿತಷ್ಟೂ ಕಾರು ಗಾಳಿಗೆ ಒಡ್ಡುವ ಎದೆ ಕಿರಿದು. ಕಾರು ಹಗುರವಾದಷ್ಟೂ ಟೈರು ಸವೆಯುವುದು ಕಡಿಮೆ, ಪೆಟ್ರೋಲಿನ ಖರ್ಚು ಕಡಿಮೆ. ಒಂದು ಗುಣ ಇನ್ನೊಂದನ್ನು ಕೈಹಿಡಿದು ಕರೆತರುತ್ತದೆ.

ಆಟೊ ಯೂನಿಯನ್ನಿನವರು ಮೊದಲೇ ಆನೆಯ ಬಲವನ್ನು ತಂದು ಆಮೇಲೆ ಅದನ್ನು ಪಳಗಿಸಹೊರಟರು. ಕೂಪರರಿಗೆ ಆನೆ ಕಟ್ಟುವ ಯೋಗ್ಯತೆಯೇ ಇರಲಿಲ್ಲ. ಅವರು ಮರಿಯಿಂದ ಆರಂಭಿಸಿದರು. 500 ಸಿ.ಸಿ.ಯಿಂದ ತೊಡಗಿ, ಒಂದು ಪಂದ್ಯದಲ್ಲಿ ಮುರಿದದ್ದನ್ನು ಮುಂದಿನ ಪಂದ್ಯಕ್ಕೆ ಸರಿಪಡಿಸುತ್ತ, ಹತ್ತು ವರ್ಷಗಳ ಕಾಲ ಮೆಟ್ಟಿಲು ಮೆಟ್ಟಿಲಾಗಿ ಏರಿದರು. ಬಡತನವೇ ಅವರಿಗೆ ಗುರುವಾಯಿತು.

ಬೆಂಕಿ ಆರಿಸುವವರ ಎಂಜಿನು

ಈ ಮೆಟ್ಟಿಲುಗಳಲ್ಲಿ ಒಂದೊಂದರ ಕಥೆಯೂ ಸ್ವಾರಸ್ಯವಾದದ್ದೇ. ದೊಡ್ಡ ಪಂದ್ಯಗಳಿಗೆ ದೊಡ್ಡ ಎಂಜಿನು ಬೇಕು. ಸ್ವಂತವಾಗಿ ಎಂಜಿನನ್ನು ತಯಾರಿಸಲು ಕೂಪರರ ಬಳಿ ಹಣವಿಲ್ಲ. ಆಗ ಒದಗಿಬಂದದ್ದು ಕವೆಂಟ್ರಿ ಕ್ಲೈಮ್ಯಾಕ್ಸ್ ಎಂಬ ಸಂಸ್ಥೆ. ಬೆಂಕಿ ಆರಿಸುವ ದಳದವರು ಎತ್ತಿಕೊಂಡು ಓಡಬಹುದಾದ ಹಗುರವಾದ ಪಂಪು ಸರಕಾರಕ್ಕೆ ಬೇಕಾಗಿದ್ದಾಗ, ಈ ಸಂಸ್ಥೆಯವರು ಅದಕ್ಕಾಗಿ ಒಂದು ಅಲ್ಯುಮಿನಿಯಂ ಎಂಜಿನನ್ನು ಮಾಡಿದ್ದರು. ಕಡಿಮೆ ತೂಕ, ಒಳ್ಳೆಯ ಶಕ್ತಿ. ಪಂದ್ಯದವರಿಗೆ ಬೇಕಾದದ್ದೂ ಇವೆರಡೇ ಅಲ್ಲವೆ? 1955ರಲ್ಲಿ ಆ ಎಂಜಿನಿನ ಪಂದ್ಯರೂಪವನ್ನು ಕೂಪರರು ತಮ್ಮ ಕಾರಿನ ಹಿಂಭಾಗದಲ್ಲಿ ಕೂರಿಸಿದರು. 1957ರಲ್ಲಿ ಅದೇ ಸಂಸ್ಥೆ ಪಂದ್ಯಕ್ಕೆಂದೇ 1.5 ಲೀಟರಿನ ಹೊಸ ಎಂಜಿನನ್ನು ಒದಗಿಸಿತು.

ಗೇರ್ ಪೆಟ್ಟಿಗೆ ಫ್ರಾನ್ಸಿನ ಸಿತ್ರೊಯೆನ್ ಕಾರಿನದು. ಆ ಕಾರಿನಲ್ಲಿ ಅದು ಮುಂಗಾಲಿಗಳನ್ನು ನಡೆಸುತ್ತಿತ್ತು. ಕೂಪರರು ಅದನ್ನೇ ಹಿಂದುಮುಂದಾಗಿ ತಿರುಗಿಸಿ ಹಿಂಗಾಲಿಗಳಿಗೆ ಜೋಡಿಸಿದರು. ಸಂಸಾರದ ಕಾರಿಗೆಂದು ಮಾಡಿದ ಪೆಟ್ಟಿಗೆ ಪಂದ್ಯದ ಬಿರುಸನ್ನು ಎಷ್ಟೆಂದು ತಾಳೀತು? ಶಕ್ತಿ ಹೆಚ್ಚಿದಂತೆಲ್ಲ ಅದು ಸೋಲುತ್ತಿತ್ತು. ಅದನ್ನು ಮತ್ತೆ ಮತ್ತೆ ಬಲಪಡಿಸಬೇಕಾಯಿತು.

ಚೌಕಟ್ಟಿನದು ಇನ್ನೂ ವಿನೋದದ ಕಥೆ. ಅದರ ನಕ್ಷೆ ಬರೆಯುತ್ತಿದ್ದವನು ಓವನ್ ಮ್ಯಾಡಕ್ ಎಂಬ ಗಡ್ಡಧಾರಿ. ಚೌಕಟ್ಟಿನ ಕೊಳವೆಗಳು ನೇರವಾಗಿರಬೇಕೆಂಬುದು ಶಾಸ್ತ್ರ. ಮ್ಯಾಡಕ್ ಶಾಸ್ತ್ರೋಕ್ತವಾಗಿ ಒಂದಾದ ಮೇಲೊಂದು ನಕ್ಷೆ ಬರೆದು ತಂದರೂ ಹಿರಿಯ ಕೂಪರನಿಗೆ ಯಾವುದೂ ಒಪ್ಪಿಗೆಯಾಗಲಿಲ್ಲ. ಕಡೆಗೆ ಬೇಸತ್ತು, ಕೊಳವೆಗಳನ್ನೆಲ್ಲ ಬಾಗಿಸಿ ಒಂದು ನಕ್ಷೆ ಗೀಚಿ ಮುಂದಿಟ್ಟನಂತೆ. ಅದನ್ನು ನೋಡಿ ಯಜಮಾನನ ಮುಖ ಅರಳಿತು: ಇದೇ ಸರಿ! ಬಲ್ಲವರು ನಕ್ಕರು. ಬಾಗಿದ ಕೊಳವೆಗಳ ಆ ಚೌಕಟ್ಟೇ ಮುಂದೆ ಜಗತ್ತನ್ನು ಗೆದ್ದಿತು.

ಬ್ಯೂನಸ್ ಐರಿಸ್‌ನ ಮಧ್ಯಾಹ್ನ

1958ರ ಜನವರಿ 19. ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶ. ಅಲ್ಲಿ ಜನವರಿಯೆಂದರೆ ಕಡುಬೇಸಿಗೆ. ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ಪಿನ ಮೊದಲ ಪಂದ್ಯ. ಹೊಣೆಗಿಳಿದದ್ದು ಹತ್ತೇ ಕಾರುಗಳು. ಫೆರಾರಿಯವು ಮೂರು, ಮಸೆರಾಟಿಯವು ಆರು. ಎಲ್ಲದರ ಎಂಜಿನೂ ಮುಂದೆ. ಮಸೆರಾಟಿಯೊಂದರಲ್ಲಿ ಐದು ಬಾರಿಯ ವಿಶ್ವ ಚಾಂಪಿಯನ್, ಆ ಊರಿನ ಜನರ ಕಣ್ಮಣಿ, ಹ್ವಾನ್ ಮ್ಯಾನುಯೆಲ್ ಫಾಂಜಿಯೊ.

ಹತ್ತನೆಯದು ಒಂದು ಪುಟ್ಟ ಕೂಪರ್. ಅದನ್ನು ಕಳುಹಿಸಿದವನು ಕೂಪರ್ ಕಾರುಗಳನ್ನು ಕೊಂಡು ತನ್ನ ಸ್ವಂತ ಖರ್ಚಿನಲ್ಲಿ ಓಡಿಸುತ್ತಿದ್ದ ರಾಬ್ ವಾಕರ್. ಪಂದ್ಯದ ನಿಯಮ 2.5 ಲೀಟರಿನವರೆಗೂ ಅವಕಾಶ ಕೊಟ್ಟಿದ್ದರೂ ಇದರ ಎಂಜಿನು 2 ಲೀಟರನ್ನೂ ಮುಟ್ಟಿರಲಿಲ್ಲ. ಫೆರಾರಿಗಿಂತ ಇದಕ್ಕೆ ಸುಮಾರು ನೂರು ಅಶ್ವಶಕ್ತಿ ಕಡಿಮೆ. ಚುಕ್ಕಾಣಿ ಹಿಡಿದವನು, ಹತ್ತು ವರ್ಷಗಳ ಹಿಂದೆ ಸರ್ಬಿಟನ್ನಿನ ಗ್ಯಾರೇಜಿಗೆ ಬಂದಿದ್ದ ಅದೇ ದಂತವೈದ್ಯನ ಮಗ, ಸ್ಟರ್ಲಿಂಗ್ ಮಾಸ್.

ಮಾಸ್‌ನ ಕಾರಿಗೆ ಒಂದು ದೊಡ್ಡ ಕುಂದಿತ್ತು. ಫೆರಾರಿ, ಮಸೆರಾಟಿಗಳ ಗಾಲಿಗೆ ನಡುವೆ ಒಂದೇ ನಟ್ಟು. ಸುತ್ತಿಗೆಯಿಂದ ಹೊಡೆದರೆ ಗಾಲಿ ಕಳಚಿ ಬರುತ್ತಿತ್ತು. ಕೂಪರಿನ ಗಾಲಿಗಳಿಗೆ ನಾಲ್ಕು ನಾಲ್ಕು ಬೋಲ್ಟು. ಪಂದ್ಯದ ನಡುವೆ ಟೈರು ಬದಲಿಸಹೊರಟರೆ ನಿಮಿಷಗಳೇ ಹಿಡಿದು ಗೆಲುವಿನ ಆಸೆಯನ್ನು ಬಿಡಬೇಕು. ಬದಲಿಸದೆ 80 ಸುತ್ತುಗಳನ್ನೂ ಓಡಿದರೆ ಟೈರು ಬಾಳುವುದೆಂದು ಯಾರೂ ನಂಬಿರಲಿಲ್ಲ. ಮಾಸ್ ಒಂದು ಉಪಾಯ ಹೂಡಿದ. ಟೈರು ಬದಲಿಸಲು ನಮಗೆ ಎಷ್ಟು ಹೊತ್ತು ಹಿಡಿಯುತ್ತದೋ ಎಂದು ಎಲ್ಲರ ಮುಂದೆಯೂ ಗೊಣಗಿದ. ಬದಲಿಸುವ ಯೋಚನೆಯಂತೂ ಅವನಿಗೆ ಇರಲೇ ಇಲ್ಲ!

ಪಂದ್ಯ ಆರಂಭವಾಯಿತು. ಫಾಂಜಿಯೊ ಟೈರು ಬದಲಿಸಲು ನಿಂತಾಗ ಮಾಸ್ ಮುನ್ನಡೆದ. ಎದುರಾಳಿಗಳು ಚಿಂತಿಸಲಿಲ್ಲ, ಇವನೂ ನಿಂತೇ ನಿಲ್ಲಬೇಕು, ಆಗ ದಾಟಿ ಹೋದರಾಯಿತು ಎಂದುಕೊಂಡರು. ಮಾಸ್‌ನ ಮೆಕ್ಯಾನಿಕ್ ಆಲ್ಫ್ ಫ್ರಾನ್ಸಿಸ್ ಎಲ್ಲರಿಗೂ ಕಾಣುವಂತೆ ಹೊಸ ಟೈರುಗಳನ್ನು ತಂದು ಸಾಲಾಗಿ ಇರಿಸಿ ಕಾದು ನಿಂತ. ಸುತ್ತುಗಳು ಉರುಳಿದವು. ಮಾಸ್ ಬರುತ್ತಿದ್ದ, ಹೋಗುತ್ತಿದ್ದ, ನಿಲ್ಲಲಿಲ್ಲ. ಫೆರಾರಿಯವರಿಗೆ ಈ ಆಟ ಅರ್ಥವಾಗುವ ವೇಳೆಗೆ ತಡವಾಗಿತ್ತು. ಲುಯಿಜಿ ಮುಸ್ಸೊ ತನ್ನ ಫೆರಾರಿಯನ್ನು ಬೆನ್ನಟ್ಟಿಸಿಕೊಂಡು ಬಂದ.

ಇತ್ತ ಮಾಸ್‌ನ ಟೈರುಗಳ ರಬ್ಬರು ಸವೆದು ಒಳಗಿನ ಬಟ್ಟೆಯ ಪದರ ಹೊರಗೆ ಇಣುಕತೊಡಗಿತ್ತು. ಟೈರು ಸಿಡಿದರೆ ಗೆಲುವಷ್ಟೇ ಅಲ್ಲ, ಜೀವವೂ ಹೋಗಬಹುದು. ಆತ ದಾರಿಯ ಮೇಲೆ ಎಣ್ಣೆ ಚೆಲ್ಲಿದ್ದ ಕಡೆಯನ್ನೇ ಹುಡುಕಿ ಅದರ ಮೇಲೆ ಕಾರು ಹಾಯಿಸತೊಡಗಿದ. ಎಲ್ಲರೂ ಹೆದರಿ ದೂರ ಸರಿಯುವ ಎಣ್ಣೆಯ ಜಾರು ಅವನಿಗೆ ಟೈರಿನ ಆಯುಷ್ಯವಾಯಿತು. ಎಂಬತ್ತು ಸುತ್ತುಗಳೂ ಮುಗಿದವು. ಮಾಸ್ ಗೆದ್ದಿದ್ದ; ಮುಸ್ಸೊಗಿಂತ 2.7 ಸೆಕೆಂಡುಗಳಷ್ಟು ಮುಂದೆ.

ವಿಶ್ವ ಚಾಂಪಿಯನ್‌ಷಿಪ್ ಪಂದ್ಯವೊಂದನ್ನು ಚಾಲಕನ ಹಿಂದೆ ಎಂಜಿನಿದ್ದ ಕಾರು ಗೆದ್ದದ್ದು ಅದೇ ಮೊದಲು. ಬೇರೆ ಯಾವ ಕಾರಾದರೂ ಆ ಟೈರುಗಳ ಮೇಲೆ ಅಷ್ಟು ದೂರ ಓಡುತ್ತಿತ್ತೆ? ಚಾಲಕನ ಚಾತುರ್ಯದಷ್ಟೇ ಕಾರಿನ ಹಗುರತನವೂ ಅಂದು ಗೆದ್ದಿತ್ತು. ಆದರೂ ಇದು ಅದೃಷ್ಟದ ಆಟವೆಂದೇ ಹಲವರು ತಳ್ಳಿಹಾಕಿದರು. ನಾಲ್ಕು ತಿಂಗಳ ಮೇಲೆ ಮೊನಾಕೊದಲ್ಲಿ ರಾಬ್ ವಾಕರನದೇ ಕೂಪರಿನಲ್ಲಿ ಫ್ರಾನ್ಸಿನ ಮಾರಿಸ್ ತ್ರಾಂತಿನ್ಯಾನ್ ಗೆದ್ದಾಗ ಅವರ ಬಾಯಿ ಮುಚ್ಚಿತು.

ಕಾರನ್ನು ತಳ್ಳಿದ ಚಾಂಪಿಯನ್

1955ರಲ್ಲಿ ಆಸ್ಟ್ರೇಲಿಯಾದಿಂದ ಬಂದು ಕೂಪರರ ಬಳಗವನ್ನು ಸೇರಿದ ಜ್ಯಾಕ್ ಬ್ರಾಭಮ್ ಎಂಬವನಿದ್ದ. ಮಾತು ಕಡಿಮೆ, ಕೆಲಸ ಜಾಸ್ತಿ. ಕಾರನ್ನು ಓಡಿಸುವುದರಷ್ಟೇ ಅದನ್ನು ಬಿಚ್ಚಿ ಜೋಡಿಸುವುದನ್ನೂ ಬಲ್ಲವನು. 1957ರಲ್ಲಿ ಮೊನಾಕೊ ಪಂದ್ಯದ ಕೊನೆಯಲ್ಲಿ ಮೂರನೆಯವನಾಗಿ ಬರುತ್ತಿದ್ದಾಗ ಅವನ ಕೂಪರಿನ ಪೆಟ್ರೋಲ್ ಪಂಪು ಕೈಕೊಟ್ಟಿತು. ಬ್ರಾಭಮ್ ಇಳಿದು ಕಾರನ್ನು ತಳ್ಳುತ್ತ ಗುರಿ ಮುಟ್ಟಿಸಿ ಆರನೆಯವನಾದ.

1959ರಲ್ಲಿ ಕ್ಲೈಮ್ಯಾಕ್ಸ್ ಎಂಜಿನು ಪೂರ್ತಿ 2.5 ಲೀಟರಿಗೆ ಬೆಳೆದಿತ್ತು. ಆ ವರ್ಷದ ಕಡೆಯ ಪಂದ್ಯ ಡಿಸೆಂಬರ್ 12ರಂದು ಅಮೆರಿಕದ ಸೀಬ್ರಿಂಗ್‌ನಲ್ಲಿ ನಡೆಯಿತು. ಬ್ರಾಭಮ್, ಮಾಸ್, ಫೆರಾರಿಯ ಟೋನಿ ಬ್ರೂಕ್ಸ್, ಮೂವರಲ್ಲಿ ಯಾರು ಬೇಕಾದರೂ ವಿಶ್ವ ಚಾಂಪಿಯನ್ ಆಗಬಹುದಿತ್ತು. ಮಾಸ್‌ನ ಕೂಪರಿನ ಗೇರ್ ಪೆಟ್ಟಿಗೆ ಆರಂಭದಲ್ಲೇ ಮುರಿಯಿತು. ಬ್ರಾಭಮ್ ಮುಂದಾಳಾಗಿ ಓಡಿದ. ಕೊನೆಯ ಸುತ್ತು; ಗುರಿ ಕಣ್ಣಿಗೆ ಕಾಣುವ ದೂರ. ಅಷ್ಟರಲ್ಲಿ ಪೆಟ್ರೋಲು ಮುಗಿದು ಎಂಜಿನು ನಿಂತಿತು! ಅವನ ಹಿಂದೆಯೇ ಬರುತ್ತಿದ್ದ ಅದೇ ತಂಡದ ಬ್ರೂಸ್ ಮೆಕ್ಲಾರೆನ್, 22 ವರ್ಷದ ಹುಡುಗ, ಏನಾಯಿತೆಂದು ವೇಗ ತಗ್ಗಿಸಿದ. ನಿಲ್ಲಬೇಡ, ಹೋಗು ಎಂದು ಬ್ರಾಭಮ್ ಕೈಬೀಸಿದ. ಮೆಕ್ಲಾರೆನ್ ಗೆದ್ದ. ಬ್ರಾಭಮ್ ಕಾರಿನಿಂದಿಳಿದು ಏರು ದಾರಿಯಲ್ಲಿ ಅದನ್ನು ಒಬ್ಬನೇ ತಳ್ಳತೊಡಗಿದ. ಬೇರೆಯವರು ಮುಟ್ಟಿದರೆ ನಿಯಮಭಂಗ. ಗುರಿ ಮುಟ್ಟಿದೊಡನೆ ಅಲ್ಲಿಯೇ ಕುಸಿದ. ನಾಲ್ಕನೆಯ ಸ್ಥಾನ ದೊರೆಯಿತು. ಬ್ರೂಕ್ಸ್ ಮೂರನೆಯವನಾದುದರಿಂದ ವಿಶ್ವ ಚಾಂಪಿಯನ್ ಪದವಿಯೂ ಬ್ರಾಭಮನಿಗೇ ದಕ್ಕಿತು.

ಗೆಲುವಿನ ಬೆಲೆ

ಗೆದ್ದ ಮೇಲೆ ಹಿರಿಯ ಕೂಪರನಿಗೆ ಕಾರನ್ನು ಬದಲಿಸುವ ಮನಸ್ಸಿರಲಿಲ್ಲ. ಗೆಲ್ಲುವ ಕುದುರೆಯನ್ನು ಯಾರು ಮಾರುತ್ತಾರೆ? ಆದರೆ ಲೋಟಸ್ ಸಂಸ್ಥೆಯ ಕಾಲಿನ್ ಚಾಪ್‌ಮನ್ ಕೂಡ 1960ರಲ್ಲಿ ಎಂಜಿನನ್ನು ಹಿಂದಕ್ಕಿಟ್ಟು ಇನ್ನೂ ಹಗುರವಾದ ಕಾರನ್ನು ತಂದಿದ್ದ. ಜಾನ್, ಬ್ರಾಭಮ್, ಮೆಕ್ಲಾರೆನ್, ಮ್ಯಾಡಕ್ ಸೇರಿ ತಂದೆಯ ಹಿಂಜರಿಕೆಯ ನಡುವೆಯೂ ತಗ್ಗಾದ ಹೊಸ ಕಾರನ್ನು ಕಟ್ಟಿದರು. ಅದರಲ್ಲಿ ಬ್ರಾಭಮ್ ಸಾಲಾಗಿ ಐದು ಪಂದ್ಯಗಳನ್ನು ಗೆದ್ದು ಎರಡನೆಯ ಸಲ ಚಾಂಪಿಯನ್ ಆದ.

ಆ ಐದರಲ್ಲಿ ಒಂದನ್ನು ನೆನೆದರೆ ಇಂದಿಗೂ ಎದೆ ಭಾರವಾಗುತ್ತದೆ. 1960ರ ಜೂನ್ 19, ಬೆಲ್ಜಿಯಮ್ಮಿನ ಸ್ಪಾ. ಕೂಪರಿನಲ್ಲಿದ್ದ ಕ್ರಿಸ್ ಬ್ರಿಸ್ಟೊ, ಲೋಟಸ್ಸಿನಲ್ಲಿದ್ದ ಆಲನ್ ಸ್ಟೇಸಿ, ಇಬ್ಬರು ತರುಣರೂ ಅದೇ ಪಂದ್ಯದಲ್ಲಿ ಮಡಿದರು. ಬ್ರಿಸ್ಟೊಗೆ ಇನ್ನೂ 22 ವರ್ಷ. ಹಿಂದಿನ ದಿನದ ಅಭ್ಯಾಸದಲ್ಲಿ ಮಾಸ್ ಕೂಡ ಕಾಲುಗಳನ್ನು ಮುರಿದುಕೊಂಡಿದ್ದ. ಹಗುರತನ ಕಾರಿಗೆ ವೇಗವನ್ನು ಕೊಟ್ಟಿತ್ತು. ಒಳಗೆ ಕುಳಿತವನಿಗೆ ರಕ್ಷಣೆಯನ್ನು ಕೊಟ್ಟಿರಲಿಲ್ಲ. ಅಂದಿನ ಚಾಲಕರು ಪೀಠಕ್ಕೆ ಬೆಲ್ಟನ್ನೂ ಕಟ್ಟಿಕೊಳ್ಳುತ್ತಿರಲಿಲ್ಲ. ಆ ವಿವೇಕ ಬರಲು ಇನ್ನೂ ಹಲವು ವರ್ಷಗಳೂ ಹಲವು ಜೀವಗಳೂ ಬೇಕಾದವು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ತಂಡಗಳು ದೂರ ಉಳಿದಿದ್ದ ಮೋಂಜಾ ಪಂದ್ಯವನ್ನು ಫೆರಾರಿ ಗೆದ್ದಿತು. ಮುಂದೆ ಎಂಜಿನಿಟ್ಟ ಕಾರಿಗೆ ವಿಶ್ವ ಚಾಂಪಿಯನ್‌ಷಿಪ್ಪಿನ ಗ್ರಾಂಪ್ರಿಯಲ್ಲಿ ದೊರೆತ ಕೊನೆಯ ಗೆಲುವು ಅದು. 1961ರಲ್ಲಿ ಫೆರಾರಿಯೂ ಕುದುರೆಯನ್ನು ಬಂಡಿಯ ಹಿಂದಕ್ಕೆ ಕಟ್ಟಿದ! ಅದೇ ವರ್ಷ ಬ್ರಾಭಮ್ ಒಂದು ಕೂಪರನ್ನು ಅಮೆರಿಕದ ಇಂಡಿಯಾನಾಪೊಲಿಸ್ ಪಂದ್ಯಕ್ಕೂ ಒಯ್ದು, ದೊಡ್ಡ ದೊಡ್ಡ ಎಂಜಿನುಗಳ ನಡುವೆ ಒಂಬತ್ತನೆಯವನಾದ. ನಾಲ್ಕು ವರ್ಷಗಳ ಮೇಲೆ ಅಲ್ಲಿಯೂ ಹಿಂದೆ ಎಂಜಿನಿದ್ದ ಲೋಟಸ್ ಗೆದ್ದಿತು.

ದಾರಿ ತೋರಿದವರು ಮಾತ್ರ ದಾರಿಯಲ್ಲೇ ಹಿಂದುಳಿದರು. ಬ್ರಾಭಮ್ 1961ರ ಕೊನೆಗೆ ತನ್ನದೇ ಕಾರುಗಳನ್ನು ಕಟ್ಟಲು ಹೊರಟುಹೋದ. ಆಮೇಲೆ ಮೆಕ್ಲಾರೆನ್ನನೂ ಹಾಗೆಯೇ ಮಾಡಿದ. 1964ರಲ್ಲಿ ಚಾರ್ಲ್ಸ್ ಕೂಪರ್ ತೀರಿಕೊಂಡ. ಮರುವರ್ಷ ಜಾನ್ ತಂಡವನ್ನು ಮಾರಿದ. 1968ರ ಬಳಿಕ ಕೂಪರ್ ತಂಡ ಗ್ರಾಂಪ್ರಿಯಲ್ಲಿ ಉಳಿಯಲಿಲ್ಲ. ಹೆಸರೇನೋ ಮಿನಿ ಕೂಪರ್ ಎಂಬ ಪುಟ್ಟ ಕಾರಿನ ಮೂಲಕ ಮನೆಮಾತಾಯಿತು. ವಿಚಿತ್ರವೆಂದರೆ ಅದರ ಎಂಜಿನು ಮುಂದೆಯೇ ಇತ್ತು. ಜಾನ್ ಕೂಪರ್ 2000ದ ಡಿಸೆಂಬರಿನಲ್ಲಿ ನಿಧನನಾದ.

ಇಂದು ಗ್ರಾಂಪ್ರಿಯಲ್ಲಿ ಓಡುವ ಪ್ರತಿಯೊಂದು ಕಾರಿನಲ್ಲಿಯೂ ಎಂಜಿನು ಚಾಲಕನ ಬೆನ್ನ ಹಿಂದೆಯೇ ಇದೆ. ಅವುಗಳ ಹಿಂದೆ ನೂರಾರು ತಜ್ಞರ ದುಡಿಮೆಯೂ ಗಣಕಯಂತ್ರಗಳ ಲೆಕ್ಕವೂ ಇವೆ. ಆದರೆ ಆ ಎಲ್ಲ ಲೆಕ್ಕಗಳ ಮೊದಲನೆಯ ಸಾಲನ್ನು ಬರೆದದ್ದು, ಕೈಯಲ್ಲಿ ಉದ್ದನೆಯ ಚೈನಿಲ್ಲದೆ, ಇದ್ದಷ್ಟರಲ್ಲಿಯೇ ಕೆಲಸ ಸಾಗಿಸಿಕೊಂಡ ಸರ್ಬಿಟನ್ನಿನ ಒಂದು ಗ್ಯಾರೇಜು.